ಮಾತ್ರೆ ಕೊಡುತ್ತಿದ್ದರೂ ಮಗುವಿನ ಟಿಎಸ್‌ಎಚ್ ಏರಿದೆ, ಥೈರಾಯ್ಡ್ ಇನ್ನಷ್ಟು ಕೆಟ್ಟಿದೆಯಾ?
ನಿಮ್ಮ ಮಗನಿಗೆ ಎರಡೂವರೆ ವರ್ಷ. ಹುಟ್ಟಿದ ಎರಡೇ ವಾರಕ್ಕೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ಶುರುವಾಗಿದೆ. ಆದರೂ ಈ ಸಲ ಟಿಎಸ್‌ಎಚ್ 11 ಬಂದಿದೆ, ಗ್ರಂಥಿ ಇನ್ನಷ್ಟು ಹಾಳಾಯಿತಾ, ಮೂರು ವರ್ಷಕ್ಕೆ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಸಾಲದ ಇದೇ ತೊಂದರೆ, ಈಗ ಒಂಬತ್ತು ವರ್ಷ. ಅಂಥ ರಿಪೋರ್ಟ್ ನೋಡಿದಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನನಗೆ ಗೊತ್ತು.

ಟಿಎಸ್‌ಎಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್, ಅದು ಥೈರಾಯ್ಡ್‌ನಲ್ಲಿ ತಯಾರಾಗುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಬಿಡುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಜಾಸ್ತಿ ಬಿಡುತ್ತದೆ. ಹಾಗಾಗಿ ಅದು ಏರಿತು ಅಂದರೆ ಗ್ರಂಥಿ ಇನ್ನಷ್ಟು ಕೆಟ್ಟಿತು ಅಂತಲೇ ಅಲ್ಲ. ಮಾತ್ರೆ ಕೊಡುತ್ತಿದ್ದರೂ ಏರಲು ಹೆಚ್ಚಿನ ಸಲ ಕಾರಣ ಎರಡೇ: ಮಗು ಬೆಳೆದು ಹಳೆಯ ಡೋಸ್ ಸಾಲದೆ ಹೋಗಿರುತ್ತದೆ, ಇಲ್ಲವೇ ಮಾತ್ರೆ ಸರಿಯಾಗಿ ಒಳಗೆ ಹೋಗುತ್ತಿರುವುದಿಲ್ಲ.

ನಮ್ಮದು ಎರಡನೆಯದು. ಮಗಳಿಗೆ 14 ತಿಂಗಳಾಗಿದ್ದಾಗ ಟಿಎಸ್‌ಎಚ್ 20 ದಾಟಿತ್ತು. ಡಾಕ್ಟರ್ ಕೇಳಿದ್ದು ಒಂದೇ, "ಹೇಗೆ ಕೊಡ್ತೀರಿ?" ಪುಡಿ ಮಾಡಿ ಹಾಲಿನ ಬಾಟಲಿಗೆ ಹಾಕುತ್ತೇನೆ ಅಂದೆ. ಮನೆಗೆ ಬಂದು ಅವಳು ಕುಡಿದು ಬಿಟ್ಟ ಬಾಟಲಿ ನೋಡಿದೆ. ತಳದಲ್ಲಿ ಒಂದಿಷ್ಟು ಹಾಲು, ಅದರಡಿ ಬಿಳಿ ಪುಡಿ ಹಾಗೇ ಕೂತಿತ್ತು. ಎಷ್ಟು ತಿಂಗಳು ಹೀಗೇ ಹೋಯಿತೋ ಅಂತ ಅತ್ತುಬಿಟ್ಟೆ. ಸಾಲದ್ದಕ್ಕೆ ಕಬ್ಬಿಣದ ಡ್ರಾಪ್ಸನ್ನೂ ಅದೇ ಹೊತ್ತಿಗೆ ಹಾಕುತ್ತಿದ್ದೆ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಇವು ಈ ಮಾತ್ರೆಯನ್ನು ಕರುಳಲ್ಲಿ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಆಮೇಲೆ ಎರಡು ಚಮಚಗಳ ನಡುವೆ ಮಾತ್ರೆ ಒತ್ತಿ ಪುಡಿ ಮಾಡಿ, ನಾಲ್ಕು ಹನಿ ನೀರು ಬೆರೆಸಿ, ಅದೇ ಚಮಚದಿಂದ ನೇರ ಬಾಯಿಗೆ. ಕಬ್ಬಿಣ ನಾಲ್ಕು ಗಂಟೆ ಬಿಟ್ಟು. ಡೋಸ್ ಬದಲಿಸಲೇ ಇಲ್ಲ, ಆರು ವಾರಕ್ಕೆ ಟಿಎಸ್‌ಎಚ್ 4ಕ್ಕೆ ಇಳಿಯಿತು.

ನಿಲ್ಲಿಸುವ ವಿಚಾರ. ಮೂರು ವರ್ಷದವರೆಗೆ ಮೆದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು, ದಯವಿಟ್ಟು ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಸ್ಕ್ಯಾನ್‌ನಲ್ಲಿ ಗ್ರಂಥಿ ಇಲ್ಲ ಅಥವಾ ಜಾಗ ತಪ್ಪಿದೆ ಅಂತ ಬಂದಿದ್ದರೆ ಮಾತ್ರೆ ಜೀವನಪೂರ್ತಿ. ನನ್ನ ಮಗಳದು ನಾಲಿಗೆಯ ಬುಡದಲ್ಲಿದೆ, ಹಾಗಾಗಿ ನಿಲ್ಲಿಸುವ ಮಾತೇ ಬರಲಿಲ್ಲ. ಗ್ರಂಥಿ ತನ್ನ ಜಾಗದಲ್ಲೇ ಇದ್ದರೆ, ಮೂರು ವರ್ಷ ತುಂಬಿದ ಮೇಲೆ ಡಾಕ್ಟರೇ ಸುಮಾರು ನಾಲ್ಕು ವಾರ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ ನೋಡಬಹುದು. ಕೆಲವು ಮಕ್ಕಳಿಗೆ ಮತ್ತೆ ಬೇಕಾಗುವುದೇ ಇಲ್ಲ.

ನಿಮ್ಮ ಮಗನ ಹಳೆಯ ಸ್ಕ್ಯಾನ್ ಹುಡುಕಿಡಿ. ಮಾತ್ರೆ ತಪ್ಪಿದ ದಿನಗಳನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಸುಮ್ನೆ ಡೋಸ್ ಏರುತ್ತಾ ಹೋಗುತ್ತದೆ, ಜಾಸ್ತಿಯಾದರೂ ಮಗುವಿಗೆ ಒಳ್ಳೆಯದಲ್ಲ ಅಲ್ವಾ?