ಪ್ರತಿಕ್ರಿಯೆ: ಹಳೆಯ ಸ್ಪೆಕ್ಟ್ರಮ್‌ಗೆ ಎಸ್‌ಡಿ ಕಾರ್ಡ್

ಮೂಡಿಗೆರೆ ಮನೆಯ ಅಟ್ಟದಲ್ಲಿ ಸಿಕ್ಕ ಚಿಕ್ಕಪ್ಪನ, ಎಂಬತ್ತರ ದಶಕದ ಸಿಂಕ್ಲೇರ್ ಮನೆ ಕಂಪ್ಯೂಟರ್ ಆದ 48ಕೆ ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ ಬದಲು ಎಸ್‌ಡಿ ಕಾರ್ಡ್ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು ಸರ್. ಡಿವ್‌ಎಂಎಂಸಿ ಅನ್ನುವ, ಎಸ್‌ಡಿ ಕಾರ್ಡ್ ಓದಿಸುವ ಬೋರ್ಡ್ ತರಿಸಿ. ಕಂಪ್ಯೂಟರಿನ ಹಿಂಬದಿಯಲ್ಲಿ ತಾಮ್ರದ ಪಟ್ಟಿಗಳಿರುವ ಎಡ್ಜ್ ಕನೆಕ್ಟರ್‌ಗೆ ಸಿಕ್ಕಿಸಿದರೆ ಆಯಿತು, ಬೆಸುಗೆ ಬೇಡ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಇಎಸ್‌ಎಕ್ಸ್‌ಡಾಸ್ (ಕಾರ್ಡನ್ನು ನಡೆಸುವ ತಂತ್ರಾಂಶ) ಫೈಲುಗಳನ್ನು ಹಾಕಿ. ಬೋರ್ಡಿನಲ್ಲಿರುವ ಅದರ ಆವೃತ್ತಿಯೂ ಕಾರ್ಡಿನದೂ ಒಂದೇ ಇರಬೇಕು.

ಅದಕ್ಕೂ ಮೊದಲು ಅಡಾಪ್ಟರ್ ನೋಡಿ, ದಯವಿಟ್ಟು. ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ನಡುಭಾಗ ಪ್ಲಸ್. ಮಲ್ಟಿಮೀಟರ್ ಹಿಡಿದು ನೋಡದೆ ಚುಚ್ಚಲೇಬೇಡಿ. ಒಳಗಿನ 4116 ರ‍್ಯಾಮ್ ಚಿಪ್‌ಗಳಿಗೆ +12, +5, −5 ಮೂರೂ ವೋಲ್ಟೇಜ್ ಬೇಕು. −5 ತಪ್ಪಿದರೆ ಚಿಪ್‌ಗಳೇ ಹೋಗುತ್ತವೆ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಆ ಎಡ್ಜಿನ ತಾಮ್ರ ಕಿಲುಬು ಹಿಡಿದಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೃದುವಾಗಿ ಒರೆಸಿ, ಪೂರ್ತಿ ಒಣಗಲಿ. ಕರೆಂಟ್ ಇರುವಾಗ ಬೋರ್ಡ್ ಹಾಕುವುದು, ತೆಗೆಯುವುದು ಎರಡೂ ಬೇಡ.

ಕ್ಯಾಸೆಟ್‌ಗಳನ್ನು ಮಾತ್ರ ಎಸೆಯಬೇಡಿ. ಆಟಗಳು ಎಲ್ಲಾದರೂ ಸಿಗುತ್ತವೆ, ಚಿಕ್ಕಪ್ಪ ಬರೆದ ಬೇಸಿಕ್ ಪ್ರೋಗ್ರಾಂ ಇದ್ದರೆ ಅದು ಬೇರೆಲ್ಲೂ ಸಿಗದು. ಬೂಷ್ಟು ಹಿಡಿದಿಲ್ಲದವನ್ನು ಮೊದಲು ಲ್ಯಾಪ್‌ಟಾಪ್‌ಗೆ ವೇವ್ ಫೈಲಾಗಿ ರೆಕಾರ್ಡ್ ಮಾಡಿ, ಸ್ಪೆಕ್ಟ್ರಮ್‌ಗೆ ಓದಿಸಬಹುದಾದ ಟ್ಯಾಪ್ ಫೈಲಿಗೆ ಬದಲಿಸಿ ಕಾರ್ಡಿಗೆ ಹಾಕಿಕೊಳ್ಳಿ.