ಸಾರಿನ ಉಪ್ಪಲ್ಲ, ಬದಿಯ ಉಪ್ಪು

ಊಟದ ಸಲಹೆಗೆಂದು ನನ್ನ ಬಳಿ ಬಂದ ಉಡುಪಿ ಕಡೆಯ ದಂಪತಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡನಿಗೆ 58 ವರ್ಷ, ಬಿಪಿ 150/94. ಬಿಪಿ ಇಳಿಸುವ ಟೆಲ್ಮಿಸಾರ್ಟಾನ್ ಮಾತ್ರೆ ನುಂಗುತ್ತಾರೆ. ಬಂದದ್ದು ಬಿಪಿಗಿಂತ ಜಾಸ್ತಿ ಜಗಳಕ್ಕೆ.

"ಇವಳ ಸಾರು ಬಾಯಿಗಿಡಲಿಕ್ಕಾಗುವುದಿಲ್ಲ, ಉಪ್ಪೇ ಇಲ್ಲ" ಎಂದರು ಅವರು.

"ಸಾರಿಗೆ ಕಮ್ಮಿ ಹಾಕಿದ ಮೇಲೆ ಇವರು ಉಪ್ಪಿನಕಾಯಿ ಡಬಲ್ ಮಾಡಿದ್ದಾರೆ ಮೇಡಂ" ಎಂದರು ಹೆಂಡತಿ.

ಹಿಂದಿನ ದಿನ ಏನೇನು ತಿಂದಿರಿ ಅಂತ ಕೇಳಿದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮೇಲಿಂದ ಉಪ್ಪು, ಎರಡು ಮಾವಿನಮಿಡಿ, ಸುಟ್ಟ ಒಣಮೀನು. ಮಧ್ಯಾಹ್ನ ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ, ಹಪ್ಪಳ, ಮಜ್ಜಿಗೆಗೆ ಮತ್ತೆ ಉಪ್ಪು. ಸಂಜೆ ಚಹಾಕ್ಕೆ ಮಿಕ್ಸ್ಚರ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಲ್ಲ ಸೇರಿ ಒಂದು ಟೀ ಚಮಚದೊಳಗೆ. ಪಾಪದ ಸಾರಿನ ಮೇಲೆ ಸುಮ್ನೆ ಜಗಳ, ಅಲ್ವಾ?

ಸಾರಿಗೆ ಹದವಾಗಿ ಉಪ್ಪು ಹಾಕಿ ಅಕ್ಕಾ, ಬದಿಯದ್ದನ್ನು ಕಡಿಮೆ ಮಾಡಿ ಅಂದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಇವುಗಳಲ್ಲಿ ದಿನಕ್ಕೆ ಒಂದೇ, ಅದೂ ಸ್ವಲ್ಪ. ಉಪ್ಪುಸೊಳೆಯನ್ನು ರಾತ್ರಿಯೇ ನೆನೆಹಾಕಿ, ನೀರು ಬದಲಿಸಿ ಹಿಂಡಿ. ಒಣಮೀನು ಬಿಟ್ಟೇಬಿಡಿ ಅಂತ ಕರಾವಳಿಯಲ್ಲಿ ಹೇಳಿ ಗೆದ್ದವರಿಲ್ಲ. ಹಾಗಾಗಿ ಭಾನುವಾರಕ್ಕೆ ಮಾತ್ರ, ಬಿಸಿನೀರಲ್ಲಿ ನೆನೆಸಿ ತೊಳೆದು. ಗಂಜಿಗೆ ಹೆಸರುಕಾಳಿನ ಪಲ್ಯ, ಇಲ್ಲವೇ ಬಿಂಬುಳಿ ಎಂಬ ಹುಳಿಕಾಯಿ, ಗಾಂಧಾರಿ ಮೆಣಸು ಹಾಕಿ ಅರೆದ ಚಟ್ನಿ. ಹುಳಿ, ಖಾರ ಜೋರಿದ್ದರೆ ಉಪ್ಪಿನ ಕೊರತೆ ನಾಲಗೆಗೆ ಅಷ್ಟು ಗೊತ್ತಾಗುವುದಿಲ್ಲ. ಕೆಲವು ವಾರದಲ್ಲಿ ರುಚಿ ಒಗ್ಗುತ್ತದೆ.

ಉಪ್ಪಿನಲ್ಲಿ ಬಿಪಿ ಏರಿಸುವುದು ಸೋಡಿಯಂ. ಪೊಟ್ಯಾಸಿಯಂ ಎಂಬ ಖನಿಜ ಅದನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ, ರಕ್ತನಾಳವನ್ನೂ ಸಡಿಲಿಸುತ್ತದೆ. ಈ ಪೊಟ್ಯಾಸಿಯಂ ಬಸಳೆ, ಹರಿವೆ, ಕಾಳು, ಬಾಳೆಹಣ್ಣು, ಎಳನೀರಲ್ಲಿ ಧಾರಾಳ ಇದೆ.

ಆಗ ಹೆಂಡತಿ ಚೀಲದಿಂದ ಒಂದು ಪ್ಯಾಕೆಟ್ ತೆಗೆದರು. ಮಗ ಬೆಂಗಳೂರಿಂದ ಕಳಿಸಿದ 'ಲೋ ಸೋಡಿಯಂ' ಉಪ್ಪು. ನಾನು ತಡೆದದ್ದು ಇಲ್ಲಿ. ಅದರಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ ಕ್ಲೋರೈಡ್. ಟೆಲ್ಮಿಸಾರ್ಟಾನ್ ತಾನೇ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುವ ಮಾತ್ರೆ. ಕಿಡ್ನಿಯೂ ಸೋತಿದ್ದರೆ ರಕ್ತದಲ್ಲಿ ಅದು ಏರಿ ಎದೆಬಡಿತವೇ ತಪ್ಪಬಹುದು. ಊಟದ ಸೊಪ್ಪು, ಕಾಳು ಎಂದಿನಂತೆ ಇರಲಿ. ಈ ಪ್ಯಾಕೆಟ್, ದಿನಾ ಎಳನೀರು ಕುಡಿಯುವ ಯೋಚನೆ ಎರಡೂ ಸದ್ಯಕ್ಕೆ ಬೇಡ. ಮೊದಲು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ ಅಂದೆ.

"ಹಾಗಾದರೆ ಇವತ್ತಿಂದ ಸಾರಿಗೆ ಉಪ್ಪು ಉಂಟಲ್ಲ?" ಅವರಿಗೆ ಅದೊಂದೇ ಚಿಂತೆ.

"ಉಂಟು. ಮಿಡಿ ಮಾತ್ರ ಒಂದೇ" ಎಂದರು ಹೆಂಡತಿ.