ಜೀವಿತಾವಧಿ ಕುಸಿದರೆ ಮಗುವಿನ ಆಯಸ್ಸೂ ಕುಸಿದಂತೆಯೇ?

ಸಾಂಕ್ರಾಮಿಕದಿಂದ ಸರಾಸರಿ ಜೀವಿತಾವಧಿ ಎರಡು ವರ್ಷ ಇಳಿದರೆ, ಆಗ ಹುಟ್ಟಿದ ಮಗು ಅಷ್ಟು ಕಡಿಮೆ ಬದುಕುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ, ದಯವಿಟ್ಟು ಹೆದರಬೇಡಿ. ಆ ಸಂಖ್ಯೆ ಭವಿಷ್ಯವಾಣಿಯಲ್ಲ. ಆ ಒಂದು ವರ್ಷದಲ್ಲಿ ಪ್ರತಿ ವಯೋಮಾನದಲ್ಲಿ ಕಂಡ ಮರಣ ಪ್ರಮಾಣವೇ ಮಗುವಿನ ಬದುಕಿನುದ್ದಕ್ಕೂ ಮುಂದುವರಿದರೆ ಎಂಬ ಊಹೆಯ ಲೆಕ್ಕ ಅದು. ಸಾಂಕ್ರಾಮಿಕ ಪ್ರತಿವರ್ಷವೂ ಬರುತ್ತದೆ ಎಂದುಕೊಂಡಂತೆ!

1918ರ ಇನ್‌ಫ್ಲುಯೆಂಜಾ ಅಮೆರಿಕದ ಜೀವಿತಾವಧಿಯನ್ನು ಒಂದೇ ವರ್ಷದಲ್ಲಿ ಸುಮಾರು 12 ವರ್ಷ ತಗ್ಗಿಸಿತು. 1919ರಲ್ಲೇ ಅದು ಚೇತರಿಸಿಕೊಂಡಿತು. ಕುಸಿತ ಅಷ್ಟು ಆಳವಾಗಿದ್ದಕ್ಕೆ ಮುಖ್ಯ ಕಾರಣ, ಸತ್ತವರಲ್ಲಿ 20ರಿಂದ 40ರ ಪ್ರಾಯದವರು ಬಹಳ ಮಂದಿ ಇದ್ದದ್ದು. ಎಳೆಯರು ಸತ್ತಷ್ಟೂ ಸರಾಸರಿ ಹೆಚ್ಚು ಕುಸಿಯುತ್ತದೆ. ಕೋವಿಡ್ ಹೆಚ್ಚಾಗಿ ಹಿರಿಯರನ್ನು ಬಲಿ ಪಡೆಯಿತು. ಹಾಗಾಗಿ ಅಮೆರಿಕದ ಜೀವಿತಾವಧಿ ಅಷ್ಟು ಆಳಕ್ಕೆ ಕುಸಿಯಲಿಲ್ಲ: 2019ರ 78.8 ವರ್ಷ 2021ರಲ್ಲಿ 76.4 ಆಯಿತು.

ನಿಜವಾದ ನಷ್ಟ ತಿಳಿಯಲು ಹೆಚ್ಚುವರಿ ಸಾವುಗಳನ್ನು, ಅಂದರೆ ಸಾಮಾನ್ಯ ವರ್ಷದಲ್ಲಿ ನಿರೀಕ್ಷಿಸುವುದಕ್ಕಿಂತ ಎಷ್ಟು ಹೆಚ್ಚು ಮಂದಿ ಸತ್ತರು ಎಂಬುದನ್ನು ನೋಡಿ. ಚಿಕಿತ್ಸೆ ಸಿಗದೆ ಬೇರೆ ಕಾಯಿಲೆಗಳಿಂದ ತೀರಿಕೊಂಡವರೂ ಆ ಲೆಕ್ಕದಲ್ಲಿ ಸೇರುತ್ತಾರೆ.